ತಮ್ಮನ ಹಣೆಗೆ ಇಡುವ ಗಂಧ

ದೀಪಾವಳಿ ಅಮಾವಾಸ್ಯೆ ಕಳೆದ ಬಿದಿಗೆಯ ದಿನ ನಮ್ಮವ್ವ ನೀರು ಸಹ ಕುಡಿಯದೆ ಸ್ನಾನ ಮಾಡಿ, ಗಂಧ ತೇಯ್ದು, ಎಡಗೈ ಕಿರುಬೆರಳಿನಿಂದ ಅಡುಗೆಮನೆ ಪಕ್ಕದ ಗೋಡೆಗೆ ಒಂದು ಬೊಟ್ಟು ಇಡುತ್ತಾಳೆ. ಬಂಗಾಲಿ ಹೆಣ್ಣುಮಕ್ಕಳು ಆ ದಿನ ಅಣ್ಣತಮ್ಮಂದಿರನ್ನು ಎದುರು ಕೂರಿಸಿಕೊಂಡು ಹಣೆಗೆ ಗಂಧವಿಟ್ಟು, ಯಮ ಇವನ ಕಡೆ ತಿರುಗಿಯೂ ನೋಡದಿರಲಿ ಅಂತ ಹರಸಿ, ಸಿಹಿ ತಿನ್ನಿಸಿ, ಆಮೇಲೆ ತಾವು ಊಟ ಮಾಡುತ್ತಾರೆ. ಅಣ್ಣತಮ್ಮಂದಿರು ದೂರ ಇದ್ದರೆ ಗೋಡೆಗೆ ಇಟ್ಟರೂ ನಡೆಯುತ್ತದೆ. ನನಗೆ ಬುದ್ಧಿ ಬಂದಾಗಿನಿಂದ ನನ್ನ ಸೋದರಮಾವ ಅಂದರೆ ಆ ಗೋಡೆಯೇ.

ಸಿಂಧನೂರಿನ ಸುತ್ತ ಕ್ಯಾಂಪ್ ಅಂದರೆ ಎರಡು ಥರ. ಕಾಲುವೆ ನೀರು ನೋಡಿ ಆಂಧ್ರದಿಂದ ಬಂದು ಭತ್ತ ಬೆಳೆದವರವು ಒಂದು. ಸರ್ಕಾರವೇ ತಂದು ಇಳಿಸಿದ ನಮ್ಮಂಥವರವು ಇನ್ನೊಂದು. ನಾನು ಹುಟ್ಟಿದ್ದು ಎರಡನೆಯದರಲ್ಲಿ. ಮನೆಯೊಳಗೆ ಬಂಗಾಲಿ, ಹೊಸ್ತಿಲು ದಾಟಿದರೆ ಕನ್ನಡ. ಜಗಳ ಮಾತ್ರ ಎಲ್ಲಿದ್ದರೂ ನನಗೆ ಕನ್ನಡದಲ್ಲೇ ಬರುತ್ತದೆ. ಅದಕ್ಕೇ ಅವ್ವ ಬಂಗಾಲಿಯಲ್ಲಿ ಆಡಿದ್ದನ್ನೂ ಇಲ್ಲಿ ನಮ್ಮ ಸಿಂಧನೂರಿನ ಮಾತಿನಲ್ಲೇ ಬರೆಯುತ್ತಿದ್ದೇನೆ, ಯಾರೂ ತಕರಾರು ತೆಗೆಯಬಾರದು.

ಅವ್ವನ ಮನೆಯವರು, ಮನೆಗೆ ಬೆಂಕಿ ಬಿದ್ದ ಮೇಲೆ, ಪೂರ್ವ ಪಾಕಿಸ್ತಾನ ಬಿಟ್ಟು ಬಂದದ್ದು ಯುದ್ಧದ ಹಿಂದಿನ ವರ್ಷ. ಅಜ್ಜ, ಅಜ್ಜಿ, ಹದಿನೆಂಟರ ಅವ್ವ, ಹದಿನಾರರ ಮಾವ. ನಿರಾಶ್ರಿತರ ಡೇರೆಯಲ್ಲಿ ಇರುವಾಗಲೇ ಎಪ್ಪತ್ತೊಂದರ ಗಲಾಟೆ ಶುರುವಾಯಿತು. ಆ ಕಡೆಯ ಹುಡುಗರು ದೇಶಕ್ಕಾಗಿ ಬಂದೂಕು ಹಿಡಿದರು, ಹಿಡಿಯುವುದು ಹೇಗೆ ಅಂತ ಈ ಕಡೆಯವರು ಕಲಿಸಿದರು, ಕೊನೆಗೆ ನಮ್ಮ ಸೈನ್ಯವೂ ಅವರೂ ಒಂದಾಗಿ ಕಾದಿದರು. ಮಾವ ಒಂದು ದಿನ ಡೇರೆಯಿಂದ ಮಾಯವಾದ. ಹೋಗುವ ಮುಂಚೆ ಅಕ್ಕನಿಗೊಬ್ಬಳಿಗೇ ಹೇಳಿದ್ದ: “ದಿದಿ, ನಾ ಮುಂದ ಹೋಗಿ ನಮ್ಮ ಮನಿ ಬಿಡಿಸ್ಕೋತೀನಿ. ನೀವು ಹಿಂದಿಂದ ಬರ್ರಿ.”

ಯುದ್ಧ ಗೆದ್ದದ್ದಾಯಿತು. ಡೇರೆಗಳಲ್ಲಿದ್ದ ಬಹಳಷ್ಟು ಜನ ಲಾರಿ ಹತ್ತಿ ಹಾಡುತ್ತ ಊರಿಗೆ ಮರಳಿದರು. ನಮ್ಮಜ್ಜ ಮರಳಲಿಲ್ಲ. ಬೆಂಕಿ ಬಿದ್ದ ಮನೆಯಲ್ಲಿ ಮತ್ತೆ ಕಣ್ಣು ಮುಚ್ಚಿ ಮಲಗಲು ನನ್ನಿಂದಾಗದು ಅಂದನಂತೆ. ಇವರನ್ನು ರೈಲು ಹತ್ತಿಸಿ, ರಾಯಚೂರಿನಲ್ಲಿ ಇಳಿಸಿ, ಲಾರಿಯಲ್ಲಿ ಸಿಂಧನೂರಿಗೆ ತಂದರು. ಅಲ್ಲಿ ಊರಲ್ಲಿ ಮಾವ ಮನೆ ಬಿಡಿಸಿಕೊಂಡು, ಹೊಸ ಮಾಡು ಹೊದಿಸಿ, ಇವರ ದಾರಿ ಕಾದ. ಇಲ್ಲಿ ಇವರು ಅವನ ದಾರಿ ಕಾದರು. ನೀವು ಬನ್ನಿ ಅಂತ ಅವನ ಕಾಗದ, ನೀನೇ ಬಾ ಅಂತ ಇವರ ಕಾಗದ. ಎರಡು ದೇಶ ಒಂದಾಗಿ ಕಾದಿದ ವರ್ಷವೇ ನಮ್ಮ ಮನೆ ಎರಡಾಯಿತು. ಆಮೇಲೆ ಅವನಿಗೆ ಅಲ್ಲೇ ಮದುವೆ, ಮಕ್ಕಳು, ಹೊಲ. ಇವಳಿಗೆ ಇಲ್ಲಿ ನಾವು.

ಚಿಕ್ಕವಳಿದ್ದಾಗ ನನಗೆ ಬಿದಿಗೆ ಅಂದರೆ ಬಲು ಖುಷಿ. ಅವ್ವ ಗೋಡೆಯ ಮುಂದೆ ಮಣೆ ಹಾಕಿ, ಕೊಬ್ಬರಿ ಉಂಡೆ, ಪಾಯಸ, ಕರಿದ ಮೀನು ಎಲ್ಲ ಬಡಿಸಿಟ್ಟು ಕೈಮುಗಿದು ಕೂರುತ್ತಿದ್ದಳು. ಗೋಡೆ ತಿನ್ನುವುದಿಲ್ಲ ಅನ್ನುವುದು ನನಗೂ ಗೊತ್ತಿತ್ತು, ಕ್ಯಾಂಪಿನ ಬೆಕ್ಕಿಗೂ ಗೊತ್ತಿತ್ತು. ಮಾವ ಬರುವುದೇ ಬೇಡ ದೇವರೇ ಅಂತ ಒಂದು ವರ್ಷ ನಾನು ಮನಸ್ಸಿನಲ್ಲೇ ಬೇಡಿಕೊಂಡಿದ್ದೂ ಉಂಟು, ಉಂಡೆಯ ಆಸೆಗೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳುವ ಹಾಗಾಗುತ್ತದೆ.

ಮೊಬೈಲ್ ಬಂದ ಮೇಲೆ ಮುಖ ನೋಡಿ ಮಾತಾಡುವಂತಾಯಿತು. ನಾನು ಅಷ್ಟರಲ್ಲಿ ಮಸ್ಕಿಯಲ್ಲಿ ಶಾಲೆ ಟೀಚರ್ ಆಗಿದ್ದೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಬಸ್ ಹತ್ತಿ ಕ್ಯಾಂಪಿಗೆ ಹೋಗಿ, ಅವ್ವನ ಕೈಗೆ ಫೋನ್ ಹಚ್ಚಿ ಕೊಡುತ್ತಿದ್ದೆ. ಇಬ್ಬರೂ ಬಿಕ್ಕಿಬಿಕ್ಕಿ ಅಳುತ್ತಾರೆ ಅಂದುಕೊಂಡಿದ್ದ ನನಗೆ ನಿರಾಶೆಯೇ ಆಯಿತು. ಬೀಗರ ಮುಂದೆ ಕೂತವರಂತೆ ಕೂರುತ್ತಿದ್ದರು. ಮಳೆ ಆಯಿತಾ. ಆಯಿತು. ಭತ್ತ ಹೇಗಿದೆ. ಪರವಾಗಿಲ್ಲ. ಊಟ? ಆಯಿತು, ನಿಮ್ಮದು? ಅಷ್ಟರಲ್ಲೇ ಮುಗಿಯುತ್ತಿತ್ತು. ಫೋನ್ ಇಟ್ಟ ಮೇಲೆ ಅವ್ವ, “ಮುದುಕ ಆಗ್ಯಾನ. ಅವನ ಮುಂದ ಬೈಯಾಕ, ನಗಾಕ ಏನೂ ಬರವಲ್ದು ನನಗ. ಒಮ್ಮೆ ಎದುರಿಗೆ ಕುಂದ್ರಿಸಿ ಹಣಿಗೆ ಗಂಧ ಇಟ್ರ ಎಲ್ಲಾ ಸರಿ ಆಗ್ತೈತಿ” ಅನ್ನುತ್ತಿದ್ದಳು. ಅವಳಿಗೆ ಬೇಕಾಗಿದ್ದುದು ಅದೊಂದೇ.

ಅದೊಂದು ಆಗಿಯೇ ಬಿಡುತ್ತದೆ ಅನ್ನುವ ಹಂತಕ್ಕೆ ಬಂದಿತ್ತು. ಆ ಯುದ್ಧದಲ್ಲಿ ನಮ್ಮವರ ಜೊತೆ ಕಾದಿದ ಹಳಬರನ್ನು ಗೆಲುವಿನ ನೆನಪಿಗೆ ಡಿಸೆಂಬರಿನಲ್ಲಿ ಕೋಲ್ಕತ್ತಾಕ್ಕೆ ಕರೆಸುವುದುಂಟು. ಈ ಸಲ ತನ್ನ ಸರದಿ ಬಂದೀತು ಅಂತ ಮಾವ ಹೇಳಿದ. ಅವ್ವನನ್ನು ನಾನು ಅಲ್ಲಿಗೆ ಕರೆದೊಯ್ಯುವುದು ಅಂತ ನಿಶ್ಚಯವಾಯಿತು. ಬಿದಿಗೆ ಡಿಸೆಂಬರಿನಲ್ಲಿ ಬರುವುದಿಲ್ಲವಲ್ಲ ಅಂದರೆ, ಅವನು ನನ್ನ ಮುಂದೆ ಕೂತ ದಿನವೇ ಬಿದಿಗೆ ಅಂದಳು. ಸಿಂಧನೂರಿನ ಅಂಗಡಿಯಲ್ಲಿ ಅವನಿಗೊಂದು ಶಾಲು ಆರಿಸಲು ನನ್ನನ್ನು ಅರ್ಧ ದಿನ ನಿಲ್ಲಿಸಿದಳು. ಮೊಣಕಾಲು ನೋವು ಎತ್ತ ಹೋಯಿತೋ ಗೊತ್ತಿಲ್ಲ.

ಅದೇ ವರ್ಷದ ಮಳೆಗಾಲದಲ್ಲಿ ಆ ದೇಶದ ಸರ್ಕಾರ ಬಿತ್ತು. ಆಮೇಲೆ ಎರಡು ದೇಶಗಳ ನಡುವೆ ಮಾತು ಹುಳಿಯಾಗುತ್ತ ಹೋಯಿತು. ಟಿವಿಯಲ್ಲಿ ಆ ಕಡೆಯವರು ಈ ಕಡೆಯವರನ್ನು, ಈ ಕಡೆಯವರು ಆ ಕಡೆಯವರನ್ನು ಬೈಯುವುದೇ ಕೆಲಸ. ಒಂದೇ ಕಂದಕದಲ್ಲಿ ಕೂತು ಕಾದಿದವರ ಮಕ್ಕಳು ಮೊಮ್ಮಕ್ಕಳು ಇವರು ಅಂತ ಯಾರಿಗೂ ನೆನಪಿದ್ದಂತೆ ಕಾಣಲಿಲ್ಲ. ವೀಸಾ ಸಿಗುವುದು ಕಷ್ಟವಾಯಿತು, ಮಾವನ ಸರದಿ ಬರಲಿಲ್ಲ. ಒಂದು ಶನಿವಾರ ಬಸ್ಸಿನಲ್ಲಿ ನಾನು ಯಾವ ಕ್ಯಾಂಪಿನವಳು ಅಂತ ತಿಳಿದ ಒಬ್ಬರು, “ನಿಮ್ಮ ದೇಶದೋರು ಹಿಂಗ ಮಾಡಿದ್ರಲ್ರೀ ಮೇಡಂ” ಅಂದರು. “ನನ್ನ ದೇಶ ಸಿಂಧನೂರು ತಾಲೂಕ್ರೀ. ಅಲ್ಲೇನರ ತಕರಾರು ಇದ್ರ ಹೇಳ್ರಿ” ಅಂದೆ. ಅವ್ವನಿಗೆ ಈ ಮಾತು ಹೇಳಲಿಲ್ಲ.

ಆ ಸಲದ ಬಿದಿಗೆಗೆ ಅವ್ವನ ಮುಖ ನೋಡಲಾಗದೆ ನಾನೊಂದು ಉಪಾಯ ಮಾಡಿದೆ. ಉಪಾಯ ಅಂತ ಆಗ ಅನ್ನಿಸಿತ್ತು. ಬಿದಿಗೆಯ ದಿನ ನಾವು ಯಾವತ್ತೂ ಅವನಿಗೆ ಫೋನ್ ಮಾಡಿದವರಲ್ಲ. ಆ ದಿನ ಗೋಡೆಯದು. ಈ ಸಲ ಅವಳು ಗೋಡೆಗೆ ಗಂಧವಿಟ್ಟು ಮುಗಿಸುತ್ತಿದ್ದಂತೆ ಮಾವನಿಗೆ ಹಚ್ಚಿ, ಫೋನ್ ಅವಳ ಮುಂದೆ ಹಿಡಿದೆ. “ಮಾ, ಇದರ ಮ್ಯಾಲ ಇಡು. ಮುಖನರ ಕಾಣ್ತೈತಿ.”

“ಗಾಜಿಗೇನು ಇಡೂದು? ಹುಚ್ಚಿ” ಅಂತ ನಕ್ಕಳು. ಆಮೇಲೆ ನಗು ನಿಂತಿತು. ಕನ್ನಡಕ ಸರಿಮಾಡಿಕೊಂಡು ಫೋನ್ ಹತ್ತಿರ ತಂದುಕೊಂಡಳು. ಮಾವನ ಹಣೆಯ ನಡುವೆ ಗಂಧದ ಬೊಟ್ಟು ಇತ್ತು, ಇನ್ನೂ ಹಸಿ.

“ಯಾರು ಇಟ್ರು?”

ಮಾವ ಸುಳ್ಳು ಹೇಳಬಹುದಿತ್ತು, ನಾನೇ ಇಟ್ಟುಕೊಂಡೆ ಅನ್ನಬಹುದಿತ್ತು. ಪಾಪ, ಸುಳ್ಳು ಬರಲಿಲ್ಲ, ಇದ್ದದ್ದನ್ನೇ ಹೇಳಿದ. ಅವನ ಜೊತೆ ಬಂದೂಕು ಹಿಡಿದಿದ್ದ ಗೆಳೆಯನೊಬ್ಬ, ಮುಸಲ್ಮಾನರ ಹುಡುಗ, ಯುದ್ಧದಲ್ಲಿ ಸತ್ತಿದ್ದ. ಹೆಣ ಮನೆಗೆ ಹೊತ್ತು ತಂದವನು ಮಾವನೇ. ಮರುವರ್ಷ ಬಿದಿಗೆಯ ದಿನ ಆ ಮನೆಯ ಜಗಲಿಯಲ್ಲಿ ಕೂತು, ನನ್ನ ಅಕ್ಕ ಇವತ್ತು ಎಲ್ಲಿದ್ದಾಳೋ ಅಂತ ಕಣ್ಣೀರು ಹಾಕಿದನಂತೆ. ಸತ್ತವನ ತಂಗಿ, ಸಣ್ಣ ಹುಡುಗಿ, ಅಕ್ಕಪಕ್ಕದ ಮನೆಗಳಲ್ಲಿ ಮಾಡುವುದನ್ನು ನೋಡಿದ್ದವಳು, ಒಳಗಿನಿಂದ ಗಂಧ ತಂದು ಇವನ ಹಣೆಗೆ ಇಟ್ಟಳಂತೆ. ಅವತ್ತಿನಿಂದ ಒಂದು ವರ್ಷವೂ ತಪ್ಪಿಲ್ಲ. ಈಗ ಅವಳೂ ಮೊಮ್ಮಕ್ಕಳ ಅಜ್ಜಿ.

“ಕಟ್ ಮಾಡು” ಅಂದಳು ಅವ್ವ.

ಆಮೇಲೆ ತಿಂಗಳುಗಟ್ಟಲೆ ತಮ್ಮನ ಜೊತೆ ಮಾತಿಲ್ಲ. ನಾನು ಫೋನ್ ಹಿಡಿದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಒಂದು ದಿನ ಬೈಯಲು ಹೋದೆ. “ಅವಳೇನು ತಪ್ಪು ಮಾಡ್ಯಾಳ?” ಅಂದೆ. ಅವ್ವ ನೆಲ ನೋಡುತ್ತ ಹೇಳಿದಳು: “ತಪ್ಪು ಯಾರದೂ ಅಲ್ಲ. ಉಪವಾಸ ನಂದು, ಹಣಿ ಆಕೀಗೆ ಸಿಕ್ತು. ನಾ ಇಷ್ಟು ವರ್ಷ ಗ್ವಾಡಿ ಸುಣ್ಣ ಮುಟ್ಟಿದೆ.” ಎಪ್ಪತ್ತು ದಾಟಿದ ಹೆಂಗಸಿಗೆ ಹೊಟ್ಟೆಕಿಚ್ಚೇ ಅಂತ ನಗುವುದಕ್ಕೆ ಬಾಯಿ ತೆರೆದವಳು ಮುಚ್ಚಿಕೊಂಡೆ. ಅವಳ ಆಸೆ ಎಷ್ಟು ದೊಡ್ಡದಿತ್ತು ಅನ್ನುವುದು ನನಗೆ ಗೊತ್ತಾದದ್ದೇ ಅವತ್ತು.

ನಮ್ಮ ಶಾಲೆಯ ಉರ್ದು ಟೀಚರ್ ಮುದಗಲ್‌ನವಳು, ದಿನಾ ಲಿಂಗಸೂಗೂರಿನಲ್ಲಿ ಬಸ್ ಬದಲಿಸಿ ಮಸ್ಕಿಗೆ ಬರುತ್ತಾಳೆ. ಡಬ್ಬಿ ಬಿಚ್ಚಿದಾಗ ನಾನು ಎಲ್ಲವನ್ನೂ ಹೇಳಿಕೊಳ್ಳುವುದು ಅವಳ ಹತ್ತಿರವೇ. ಕೇಳಿ ರೊಟ್ಟಿ ಮುರಿಯುತ್ತ, “ಅಲ್ಲ ಬೇ, ಆ ಹಣಿ ಅಷ್ಟು ವರ್ಷ ಖಾಲಿ ಇರಬೇಕಿತ್ತೇನು? ನಿಮ್ಮವ್ವಗ ಸಿಟ್ಟು ಬಂದೈತಿ, ಬರ್ಲಿ. ಆದ್ರ ಅವನನ್ನ ದಿನಾ ಕಣ್ಣಾರೆ ನೋಡೂ ಹೆಂಗಸು ಒಬ್ಬಾಕಿ ಅದಾಳಂದ್ರ, ಆಕಿ ಹತ್ರ ಕೇಳೂದು ಭಾಳ ಇರ್ತೈತಿ. ಕೇಳ್ತಾಳ ನೋಡು” ಅಂದಳು. ನಾನು ನಂಬಲಿಲ್ಲ. ನಮ್ಮವ್ವನ ಹಠ ನನಗೆ ಗೊತ್ತಿಲ್ಲದ್ದೇ?

ಮೊನ್ನೆಯ ದೀಪಾವಳಿಗೆ ರಜೆಯಲ್ಲಿ ಕ್ಯಾಂಪಿಗೆ ಹೋಗಿದ್ದೆ. ಬಿದಿಗೆಯ ಬೆಳಿಗ್ಗೆ ಅವ್ವ ಸ್ನಾನ ಮಾಡಿ, ಮಡಿ ಸೀರೆ ಉಟ್ಟು, ಗಂಧ ತೇಯದೆ ಬಂದು ನನ್ನ ಪಕ್ಕ ಕೂತಳು.

“ಹಚ್ಚು. ಆಕೀನೂ ಇರ್ಬೇಕು ಅಂತ ಹೇಳು.”

ಮಾವ ಜಗಲಿಯ ಕುರ್ಚಿಯಲ್ಲಿ ಕೂತಿದ್ದ. ಅವನ ಹಿಂದೆ ತಲೆ ತುಂಬ ಸೆರಗು ಹೊದ್ದ ಹೆಂಗಸು, ಕೈಯಲ್ಲಿ ಸಣ್ಣ ಬಟ್ಟಲು. ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ನೋಡಿದರು.

“ದಿದಿ, ನಾ ಇನ್ನೂ ಇಟ್ಟಿಲ್ರಿ” ಅಂದಳು ಅವಳು, ಮೊದಲ ಮಾತಿಗೇ. “ನೀವು ಬ್ಯಾಡ ಅಂದ್ರ ಇಡೂದಿಲ್ಲ.”

“ಇಡು. ಮೊದಲ ನಿಂದು ಇಡು, ಆಮ್ಯಾಲ ನಂದೊಂದು ಇಡು.”

ಅವಳು ತನ್ನದನ್ನು ಇಟ್ಟಳು. ಎರಡನೆಯದಕ್ಕೆ ಬೆರಳು ಬಟ್ಟಲಲ್ಲಿ ಅದ್ದಿ ಫೋನಿನ ಕಡೆ ನೋಡಿ ನಿಂತಳು. ಅವ್ವ ಇಲ್ಲಿ ತನ್ನ ಎಡಗೈ ಕಿರುಬೆರಳನ್ನು ಗಾಳಿಯಲ್ಲಿ ಚಾಚಿ, ಹರಸುವ ಮಾತನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಹೇಳಿದಳು. ಅವ್ವ ಹೇಳಿ ಮುಗಿಸುವಾಗ ಅಲ್ಲಿ ಆ ಹೆಂಗಸಿನ ಬೆರಳು ಹಣೆಗೆ ತಾಗಿತು. ಮಾವ ಕಣ್ಣು ಮುಚ್ಚಿಕೊಂಡಿದ್ದ. ನಾನು ಬಾಯಿಗೆ ಸೆರಗು ಒತ್ತಿಕೊಂಡಿದ್ದೆ.

ಅವ್ವ ಮೆಲ್ಲಗೆ ಕೇಳಿದಳು: “ತಂಗಿ, ಅವನ ಹಣಿ ಹೆಂಗೈತಿ?”

ಆ ಹೆಂಗಸಿಗೆ ಒಮ್ಮೆಲೇ ತಿಳಿಯಲಿಲ್ಲ.

“ಕೈ ಇಟ್ಟು ನೋಡು. ನನಗ ಹೇಳು.”

ಅವಳು ಬಟ್ಟಲು ಕೆಳಗಿಟ್ಟು, ಅಂಗೈಯನ್ನು ಗಂಧದ ಮೇಲ್ಭಾಗಕ್ಕೆ ಇಟ್ಟಳು. ಅಲ್ಲೇ ಹಿಡಿದಳು. “ಬಿಸಿ ಐತ್ರಿ ದಿದಿ” ಅಂದಳು.

“ಬಿಸಿ ಅಂದ್ರ?”

“ಜ್ವರ ಬಂದಂಗೈತಿ.”

“ಏನಿಲ್ಲ ದಿದಿ, ನಿನ್ನೆಯಿಂದ ಸ್ವಲ್ಪ ಮೈ ಕಾವು, ಅಷ್ಟ” ಅಂದ ಮಾವ.

“ಅಷ್ಟ?” ಅವ್ವನ ದನಿ ಕೇಳಿ ಪಕ್ಕದ ಮನೆಯವರು ಹೊರಗೆ ಬಂದರು. “ನಿನ್ನೆಯಿಂದ ಜ್ವರ, ಹೇಳಾಕ ಬಾಯಿ ಇಲ್ಲೇನಲೇ ನಿನಗ? ಹುಡುಗ ಇದ್ದಾಗೂ ಹಿಂಗ, ಮುದುಕ ಆದರೂ ಹಿಂಗ! ಕುಂತಾನ ನೋಡು ಗಾಳ್ಯಾಗ! ತಂಗಿ, ಬಟ್ಟಿ ತೋಯಿಸಿ ಅವನ ಹಣಿಗೆ ಹಾಕು.”

ಅವಳು ಒಳಗೆ ಓಡಿ ಒದ್ದೆ ಬಟ್ಟೆ ತಂದಳು. ತಂದವಳು ಹಣೆಯ ಹತ್ತಿರ ಕೈ ತಡೆದಳು. “ದಿದಿ, ಗಂಧ...”

“ಗಂಧ ಇರ್ಲಿ. ಹಾಕು ಅಂದೆ.”

ಬಟ್ಟೆ ಹಾಕಿದಳು. ಒಂದಿಷ್ಟು ಹೊತ್ತಾದ ಮೇಲೆ ಎತ್ತಿದಾಗ ಎರಡು ಬೊಟ್ಟೂ ಇರಲಿಲ್ಲ. ಹುಬ್ಬಿನ ಹತ್ತಿರ ಹಳದಿ ನೀರು ಇಳಿಯುತ್ತಿತ್ತು. ಅವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಇನ್ನೂ ಒಂದು ಗುಟುಕು ನೀರು ಕುಡಿಯದೆ, ಆ ಬರಿ ಹಣೆಯನ್ನು ನೋಡುತ್ತ ಕೂತಿದ್ದಳು.

“ಬಟ್ಟಿ ಆರಿತು” ಅಂದಳು. “ಇನ್ನೊಮ್ಮೆ ತೋಯಿಸು.”