ಮಳೆಯಲ್ಲಿ ಹೊರಗೆ ಬಂದ ವಿನ್ನಿ ಹೆಸ್ಕೆತ್

ದೇವರೇ ರಜೆಗೆ ಬಂದು ಇಳಿದುಕೊಂಡರೂ ತಿಂಡಿಯಾದ ಮೇಲೆ ವಿನ್ನಿ ಅವನನ್ನು ಹೊರಗೆ ಹಾಕುತ್ತಾಳೆ ಎಂದು ನಮ್ಮ ಬೀದಿಯವರು ಹೇಳುತ್ತಿದ್ದರು. ಇಂಗ್ಲೆಂಡಿನ ಮೋರ್ಕಮ್‌ ಕಡಲ ತೀರದ ನಮ್ಮ ಬೀದಿಯಲ್ಲಿ ಇದ್ದವೆಲ್ಲ ಬೋರ್ಡಿಂಗ್ ಮನೆಗಳೇ. ತಿಂಡಿ ಮುಗಿಸಿ ಹೊರಟ ಅತಿಥಿ ಸಂಜೆ ಊಟದ ಗಂಟೆ ಬಾರಿಸುವವರೆಗೆ ಒಳಗೆ ಬರುವಂತಿಲ್ಲ. ಅದು ಎಲ್ಲ ಮನೆಗಳ ಕಟ್ಟಳೆ. ಜೋರು ಮಳೆ ಬಂದರೆ ನಾವೆಲ್ಲ ಸ್ವಲ್ಪ ಕಣ್ಣು ಮುಚ್ಚಿಕೊಳ್ಳುತ್ತಿದ್ದೆವು. ನನ್ನ ಪಕ್ಕದ ಮನೆಯ ವಿನ್ನಿ ಮಾತ್ರ ಚಿಲಕ ತೆಗೆದವಳಲ್ಲ.

ಬಟ್ಟೆ ಗಿರಣಿಗಳಿಗೆ ರಜೆ ಬಿಡುವ ವಾರ ನೆಲ್ಸನ್ ಊರಿನಿಂದ ಕ್ಲಿಫರ್ಡ್ ಆರ್ಮರಾಡ್ ತಪ್ಪದೆ ಬರುತ್ತಿದ್ದ. ಮಗ್ಗದ ಮೇಸ್ತ್ರಿ, ಹೆಂಡತಿ ತೀರಿಕೊಂಡವನು. ವಿನ್ನಿಯೂ ವಿಧವೆ. ಹೊಗೆಮೀನಿನ ದೊಡ್ಡ ತುಂಡು ಅವನ ತಟ್ಟೆಗೇ ಬೀಳುತ್ತಿತ್ತು. ಅದಕ್ಕಿಂತ ಹೆಚ್ಚಿಗೆ ಅವಳಾಗಲಿ ಅವನಾಗಲಿ ಏನೂ ಹೇಳಿದವರಲ್ಲ.

ಒಂದು ವರ್ಷ ತಿಂಡಿಯ ಮೇಜಿನಲ್ಲಿ ಅವನು, "ಮುಂದಿನ ಸಲ ರಜಾ ಶಿಬಿರಕ್ಕೆ ಹೋಗೋಣ ಅಂತಿದೀನಿ. ಅಲ್ಲಿ ಯಾರೂ ಹೊರಗೆ ಅಟ್ಟಲ್ವಂತೆ," ಎಂದ. ವಿನ್ನಿಯ ಕೈಯಲ್ಲಿದ್ದ ಟೀ ಪಾತ್ರೆ ಅಲ್ಲೇ ನಿಂತಿತು. ಆದರೂ ಅವನನ್ನು ಮಳೆಯಲ್ಲೇ ಕಳಿಸಿದಳು. ಅವನು ಎದುರಿನ ಸಮುದ್ರದ ದಂಡೆಯ ತಂಗುದಾಣದಲ್ಲಿ ಮುದುಡಿ ಕೂತ. ಇವಳು ಬಾಗಿಲಲ್ಲಿ ನಿಂತು ನೋಡಿದಳು.

"ಒಳಗೆ ಕರೀಬಾರ್ದೇನೇ?" ಎಂದೆ ನನ್ನ ಬಾಗಿಲಿನಿಂದ.

"ಒಬ್ಬನ್ನ ಕರೆದ್ರೆ ಮಿಕ್ಕೋರೂ ಬರ್ತಾರೆ. ನೆಲ ಯಾರು ಒರೆಸ್ತಾರೆ, ನಿನ್ನ ಗಂಡಾನಾ?"

"ಅವನು ತನ್ನ ಬೂಟೇ ಒರೆಸಲ್ಲ, ಬಿಡು."

"ಬರೋ ವರ್ಷ ಬರ್ದೇ ಇದ್ರೆ ಏನೇ ಮಾಡ್ಲಿ?" ಎಂದಳು ಮೆಲ್ಲಗೆ.

ಆಮೇಲೆ ಫ್ಲಾಸ್ಕಿಗೆ ಟೀ ತುಂಬಿಕೊಂಡು, ಏಪ್ರನ್ ಕೂಡ ಬಿಚ್ಚದೆ ರಸ್ತೆ ದಾಟಿಬಿಟ್ಟಳು. ಅತಿಥಿಗಳು ತುಂಬಿದ ರಜೆಯ ದಿನಗಳಲ್ಲಿ ಬೋರ್ಡಿಂಗ್ ಮನೆಯಾಕೆ ದಂಡೆಯಲ್ಲಿ ಕೂರುವುದೆಂದರೆ ಬೀದಿಗೆಲ್ಲ ಸುದ್ದಿ. ನಾನು ಛತ್ರಿ ಕೊಡುವ ನೆಪ ಮಾಡಿಕೊಂಡು ಹಿಂದೆಯೇ ಹೋದೆ.

"ಸಮುದ್ರ ಎಲ್ಲಿ?" ಎಂದು ಕೇಳುತ್ತಿದ್ದಳು. ಇಳಿತದ ಹೊತ್ತು, ಕಣ್ಣು ಹರಿಯುವಷ್ಟು ದೂರ ಬರೀ ಕೆಸರು.

"ನೀವೇ ಹೊರಗೆ ಹಾಕಿರ್ಬೇಕು, ಮಿಸೆಸ್ ಹೆಸ್ಕೆತ್."

"ಸಂಜೆ ಊಟಕ್ಕೆ ಬರತ್ತೆ ಬಿಡಿ." ಟೀ ಬಗ್ಗಿಸಿ ಕೊಟ್ಟಳು. "ನೋಡಿ, ನಿಮ್ಮನ್ನ ಒಳಗೆ ಬಿಡೋಕಾಗಲ್ಲ. ಆದ್ರೆ ನಾನು ಹೊರಗೆ ಬರಬಹುದು. ದಿನಾ ಬರ್ತೀನಿ."

ಅವನು ಬಟ್ಟಲನ್ನೇ ನೋಡುತ್ತಾ, "ಹಾಗಾದ್ರೆ ಶಿಬಿರದ ಮಾತು ಬೇಡ," ಎಂದ.

ಆ ವಾರವೆಲ್ಲ ಅವಳ ಮನೆಯಲ್ಲಿ ಆಲೂಗಡ್ಡೆ ಅರೆಬೆಂದಿತ್ತು. ಅತಿಥಿಗಳು ಗೊಣಗಿದರು.

ಮರುವರ್ಷದ ವಸಂತದಲ್ಲಿ ಮನೆ ಮಾರಿದಳು. ನೆಲ್ಸನ್‌ನಲ್ಲಿ ಮದುವೆ ಗೊತ್ತಾಗಿತ್ತು. ಕ್ಲಿಫರ್ಡ್ ಕರೆದೊಯ್ಯಲು ಬಂದಿದ್ದ. ನಾವೆಲ್ಲ ಬಾಗಿಲಿಗೆ ಬಂದು ನಿಂತೆವು. ವಿನ್ನಿ ನೀಲಿ ಟೋಪಿ ಹಾಕಿಕೊಂಡು ಬಾಗಿಲಿಗೆ ಬಂದಳು, ಒಳಗಿನಿಂದಲೇ ಕೈ ಚಾಚಿ ಬೀಗದ ಕೈಯನ್ನು ನನ್ನ ಕೈಗಿಟ್ಟಳು. ಬೆಳಿಗ್ಗೆಯೇ ತಿಕ್ಕಿ ತೊಳೆದಿದ್ದ ಹೊಸ್ತಿಲ ಮೆಟ್ಟಿಲು ಇನ್ನೂ ಒದ್ದೆಯಿತ್ತು.

"ತುಳೀಬೇಡಿ ಕ್ಲಿಫರ್ಡ್, ಹೊಸಬರಿಗೆ ಕೊಳಕು ಮೆಟ್ಟಿಲು ಕೊಡೋಕಾಗತ್ತಾ?"

ಎರಡೂ ಕೈಯಲ್ಲಿ ಪೆಟ್ಟಿಗೆ ಹಿಡಿದಿದ್ದ ಆ ಮನುಷ್ಯ ಪಾಪ, ಹಾರಿದ. ಹಿಂದೆಯೇ ಅವಳೂ ಲಂಗ ಎತ್ತಿ ಹಾರಿದಳು. ಇಬ್ಬರೂ ನಗುತ್ತಾ ಬಸ್ಸಿನ ಕಡೆಗೆ ನಡೆದರು.