ಸೇವಂತಿಗೆ ಇಟ್ಟ ನೀರು

ಘೋಣಸಗಿಯ ಲಕ್ಕವ್ವ ಕೈಯಲ್ಲಿ ಕತ್ತರಿ ಹಿಡಿದದ್ದು ಮದುವೆಯಾದ ಮೇಲೆ. ತವರಿನಲ್ಲಿ ಜೋಳದ ಹೊಲ ಬಿಟ್ಟರೆ ಬೇರೆ ಕಂಡವಳಲ್ಲ. ಗಂಡನ ಊರಲ್ಲಿ ಎತ್ತ ನೋಡಿದರೂ ದ್ರಾಕ್ಷಿ ಚಪ್ಪರ. ಅತ್ತೆಯ ಬೆನ್ನಿಗೆ ಬಿದ್ದು ಬಳ್ಳಿ ಸವರುವ ಚಾಟ್ನಿ ಕೆಲಸ ಕಲಿತಳು. ಬಳ್ಳಿಯ ಕಡ್ಡಿಯನ್ನು ಎಲ್ಲಿ ಕತ್ತರಿಸಬೇಕು, ಎಷ್ಟು ಕಣ್ಣು ಉಳಿಸಬೇಕು ಎಂಬುದು ಮೆಲ್ಲಗೆ ಕೈಗೆ ಹತ್ತಿತು. ಈಗ ಅವಳದೇ ಒಂದು ಟೋಳಿ. ಊರಿನ ಹೆಂಗಸರನ್ನು ಕಟ್ಟಿಕೊಂಡು ತಿಕೋಟಾ ಸುತ್ತಿನ ತೋಟಗಳಿಗೆ ಹೋಗುತ್ತಾಳೆ. ಗಂಡ ಸಂಗನಬಸವ ತನ್ನ ಟಂಟಂ ಗಾಡಿಯಲ್ಲಿ ಎಲ್ಲರನ್ನೂ ಕರೆದೊಯ್ದು ಬಿಡುತ್ತಾನೆ.

ಆ ಗಾಡಿಯಲ್ಲಿ ಮೊದಲು ಮೋತ್ಯಾ ಎಂಬ ನಾಯಿಯೂ ಬರುತ್ತಿತ್ತು. ಹೆಂಗಸರ ಬುತ್ತಿ ಕಾಯುವುದು, ಚಪ್ಪರದಡಿ ಹಾವು ಹರಿದರೆ ಬೊಗಳಿ ಎಚ್ಚರಿಸುವುದು ಅದರ ಕೆಲಸ.

ಹೋದ ವರ್ಷ ಶೀಗಿ ಹುಣ್ಣಿಮೆಯ ಆಸುಪಾಸು. ಮಳೆ ಹೊರಟುಹೋಗಿ ಬಿಸಿಲು ಮತ್ತೆ ಕಾಯತೊಡಗಿತ್ತು. ಚಾಟ್ನಿ ಮುಗಿದ ಸಾಲುಗಳಿಗೆ ಹೆಂಗಸರು ಪೇಸ್ಟ್ ಹಚ್ಚುತ್ತಿದ್ದರು. ಕಡ್ಡಿಯ ಕಣ್ಣು ಬೇಗ ಒಡೆಯಲೆಂದು ಹಚ್ಚುವ ವಿಷದ ಔಷಧ ಅದು. ಯಾವ ಕಡ್ಡಿಗೆ ಹಚ್ಚಿಯಾಯಿತು ಎಂದು ಗೊತ್ತಾಗಲು ಅದಕ್ಕೆ ಕೆಂಪು ಬಣ್ಣ ಕಲಸಿರುತ್ತಾರೆ. ಊಟದ ಹೊತ್ತಿಗೆ ಕೈಗವಸು ಕಳಚಿ ಬಂದ ಲಕ್ಕವ್ವನ ಎದುರು ಮೋತ್ಯಾ ತೂರಾಡುತ್ತ ಬಂತು. ಬಾಯೆಲ್ಲ ಕೆಂಪು. ಯಾವುದೋ ನಾಯಿ ಕಚ್ಚಿ ರಕ್ತ ಬಂದಿದೆ ಅಂದುಕೊಂಡು ಸೆರಗಿನಿಂದ ಒರೆಸಿದಳು. ಒರೆಸಿದ ಮೇಲೆ ತಿಳಿಯಿತು, ಅದು ರಕ್ತವಲ್ಲ, ತೆರೆದಿಟ್ಟ ಬಕೆಟ್ಟಿನ ಪೇಸ್ಟು.

ಟಂಟಂ ತಿಕೋಟಾ ಮುಟ್ಟುವಷ್ಟರಲ್ಲಿ ಅದು ಎದ್ದು ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. ಪಶುವೈದ್ಯರು ಸಲಾಯಿನ್ ಹಚ್ಚಿದರು, ಸೂಜಿ ಹಾಕಿದರು. ಹೊತ್ತು ಇಳಿಯುವ ಮುಂಚೆಯೇ ಮೋತ್ಯಾ ಲಕ್ಕವ್ವನ ತೊಡೆಯ ಮೇಲೆ ಉಸಿರು ಬಿಟ್ಟಿತು. "ನಾಯಿ ಹೋದ್ರ ಇನ್ನೊಂದು ಬರ್ತೈತಿ ಬಿಡಬೇ," ಅಂದ ಆ ತೋಟದ ಮಾಲೀಕ.

ಇನ್ನೊಂದು ಬಂದದ್ದೇನೋ ನಿಜ. ಈ ಮಳೆಗಾಲದಲ್ಲಿ ಹಳದಿ ಬಣ್ಣದ ಹೆಣ್ಣು ಮರಿಯೊಂದು ತಾನಾಗಿ ಅವರ ಅಂಗಳಕ್ಕೆ ಬಂದು ಮಲಗಿತು. ಲಕ್ಕವ್ವ ಅದಕ್ಕೆ ಸೇವಂತಿ ಎಂದು ಹೆಸರಿಟ್ಟಳು. ನವರಾತ್ರಿ ಮುಗಿದು ಚಾಟ್ನಿ ಸುರುವಾದಾಗ ಸಂಗನಬಸವ, "ಇದನ್ನ ಮನ್ಯಾಗ ಕಟ್ಟಿ ಬಾ," ಅಂದ. ಅವಳು ಹಾಗೇ ಮಾಡಿದಳು. ಸಂಜೆ ಬಂದು ನೋಡಿದರೆ ಹಗ್ಗ ಜಗ್ಗಿ ಜಗ್ಗಿ ಕೊರಳು ಕಿತ್ತಿತ್ತು, ಬೊಗಳಿ ಬೊಗಳಿ ದನಿ ಹೋಗಿತ್ತು. ಗಾಯಕ್ಕೆ ಅರಿಶಿನ ಎಣ್ಣೆ ಹಚ್ಚುತ್ತ ಲಕ್ಕವ್ವ ಗಂಡನಿಗೆ ಹೇಳಿದಳು:

"ನಾಯೀನ ಕಟ್ಟೂದಲ್ಲ. ವಿಷಾನ ಕಟ್ಟಬೇಕು."

ಮರುದಿನದಿಂದ ಸೇವಂತಿಯೂ ಟಂಟಂ ಏರಿತು, ಜೊತೆಗೇ ಹೊಸ ಕಟ್ಟಳೆ. ಅವಳ ಟೋಳಿ ಬರಬೇಕೆಂದರೆ ಔಷಧದ ಡ್ರಮ್ಮಿಗೂ ಬಕೆಟ್ಟಿಗೂ ಮುಚ್ಚಳ ಇರಬೇಕು. ಬದುವಿನ ಮೇಲೆ ಪ್ರಾಣಿಗಳಿಗೆಂದು ಒಳ್ಳೆಯ ನೀರು ಇಟ್ಟಿರಬೇಕು. ಮೊದಲೆರಡು ತೋಟದವರು ನಕ್ಕು ಒಪ್ಪಿದರು. ಮೂರನೆಯದು ಮಲಕಾಜಪ್ಪನದು, ತಿಕೋಟಾ ಹತ್ತಿರದ ದೊಡ್ಡ ತೋಟ. ಅವನು ನಗಲಿಲ್ಲ.

"ನಾಯಿಗಿ ನೀರ ಇಡಾಕ ನಾ ತ್ವಾಟಾ ಮಾಡೇನೇನ ಬೇ? ನಿನ್ನ ನಾಯಿ ನಿನ್ನ ಮನ್ಯಾಗ ಕಟ್ಟು."

"ನನ್ನ ನಾಯಿ ಒಂದ ಅಲ್ರಿ ಯಪ್ಪಾ," ಅಂದಳು ಲಕ್ಕವ್ವ. "ನಿಮ್ಮ ಬೆಕ್ಕ ಐತಿ, ಬಾಜೂ ಹೊಲದ ಆಡಿನ ಮರಿ ಅದಾವು. ಮೊದಲ ಕಾಲುವ್ಯಾಗ ನೀರ ಹರೀತಿತ್ತು, ಅಲ್ಲೇ ಕುಡೀತಿದ್ವು. ಈಗ ನೀರೆಲ್ಲಾ ಪೈಪಿನ್ಯಾಗ ಹೊಕ್ಕೈತಿ. ಈ ಬಿಸಲಾಗ ನೀರಡಿಸಿದ ಜೀವ ಕಂಡ ಬಕೀಟಿಗಿ ಬಾಯಿ ಹಾಕತೈತಿ."

"ಪುರಾಣ ಸಾಕು. ಕೆಲಸಾ ಮಾಡ್ತಿದ್ರ ಮಾಡು, ಇಲ್ಲಂದ್ರ ಹಾದಿ ಹಿಡಿ."

ಲಕ್ಕವ್ವ ಕತ್ತರಿಯನ್ನು ಚೀಲಕ್ಕೆ ಹಾಕಿದಳು. "ಏಳ್ರೇ," ಅಂದಳು ಹೆಂಗಸರಿಗೆ. ಅವಳ ತಂಗಿಯ ಮಗಳು ನೇತ್ರಾ ಹತ್ತಿರ ಬಂದು ಪಿಸುಗುಟ್ಟಿದಳು, "ದೊಡ್ಡವ್ವಾ, ದೀಪಾವಳಿ ಎದುರಿಗಿ ಐತಿ. ಒಂದ ನಾಯಿ ಸಲುವಾಗಿ ಎಲ್ಲಾರ ಕೂಲಿ ಕಳೀತೀಯೇನು?"

ಮಾತು ಎದೆಗೆ ನಾಟಿತು. ಆದರೂ ಲಕ್ಕವ್ವ ಅವಳ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು, "ನೇತ್ರಾ, ನಿನ್ನ ಕೂಸು ಇನ್ನ ಅಂಬೆಗಾಲ ಇಡತೈತಿ. ನಾಳೆ ಕೂಸಿನ್ನ ತ್ವಾಟಕ್ಕ ತರೂ ಪ್ರಸಂಗ ಬರ್ತೈತಿ. ಆವಾಗೂ ಆ ಬಕೀಟ ಹಿಂಗ ತೆರದ ಇರಬೇಕೇನು?"

ತನ್ನ ಬುತ್ತಿ ಗಂಟು ಎತ್ತಿಕೊಂಡು ಮೊದಲು ಹೊರಟವಳು ನೇತ್ರಾನೇ.

ಉಳಿದ ತೋಟದವರೆಲ್ಲ ಮೊದಲೇ ಬೇರೆ ಟೋಳಿ ಗೊತ್ತು ಮಾಡಿಕೊಂಡಿದ್ದರಿಂದ ಮರುದಿನ ಅವರಿಗೆ ಎಲ್ಲೂ ಕೆಲಸ ಸಿಗಲಿಲ್ಲ. ಅಂಗಳ ಗುಡಿಸುತ್ತ ಲಕ್ಕವ್ವ ಓಣಿಯ ಹೆಂಗಸರ ಗೊಣಗಾಟ ಕೇಳಿಸಿಕೊಂಡಳು. ತಾನು ಹಟ ಮಾಡಿದ್ದು ಹೆಚ್ಚಾಯಿತೇನೋ ಎಂದು ಒಳಗೊಳಗೇ ಅಳುಕಿದಳು. ಆದರೆ ಮೋತ್ಯಾನ ಕೆಂಪು ಬಾಯಿ ನೆನಪಾದಾಗ ಆ ಅಳುಕು ಉಳಿಯಲಿಲ್ಲ.

ಅತ್ತ ಮಲಕಾಜಪ್ಪ ಸುಮ್ಮನೆ ಕೂತಿರಲಿಲ್ಲ. ಬಾಬಾನಗರದಿಂದ ಜತ್ತದವರೆಗೂ ಫೋನ್ ಹಚ್ಚಿದ. ಚಾಟ್ನಿಯ ಹೊತ್ತಲ್ಲಿ ಕೈ ಖಾಲಿ ಇದ್ದ ಟೋಳಿ ಒಂದೂ ಇರಲಿಲ್ಲ. ಕೊನೆಗೆ ಮೋಟಾರ್‌ಸೈಕಲ್ ಏರಿ ಘೋಣಸಗಿಗೆ ಬಂದವನು ಕೆಳಗಿಳಿಯದೆಯೇ ಕೂಗಿದ, "ಡ್ರಮ್ಮಿಗಿ ಮುಚ್ಚಳಾ ಹಾಕಿಸೇನಿ. ನೀರೂ ಇಡಿಸೇನಿ. ಬರ್ತೀಯೋ ಇಲ್ಲೋ?"

"ಬರ್ತೀವ್ರಿ," ಅಂದಳು ಲಕ್ಕವ್ವ.

ತೋಟ ಮುಟ್ಟಿದವಳು ಕತ್ತರಿ ತೆಗೆಯುವ ಮೊದಲು ಬದುವಿಗೆ ಹೋದಳು. ಡ್ರಮ್ಮಿನ ಮೇಲೆ ತಗಡು, ತಗಡಿನ ಮೇಲೆ ಕಲ್ಲು. ಅದೇನೋ ಸರಿ. ನೀರಿಟ್ಟದ್ದು ಮಾತ್ರ ಬಿಳಿಯ ಪ್ಲಾಸ್ಟಿಕ್ ಕ್ಯಾನನ್ನು ನಡುವೆ ಕೊಯ್ದು ಮಾಡಿದ ಬೋಗುಣಿಯಲ್ಲಿ. ಬಗ್ಗಿ ಮೂಸಿದಳು. ಘಾಟು ಮೂಗಿಗೆ ಬಡಿಯಿತು. ಔಷಧ ತಂದಿದ್ದ ಕ್ಯಾನೇ ಅದು. ಓಡಿಬರುತ್ತಿದ್ದ ಸೇವಂತಿಯನ್ನು ಒಂದು ಕೈಯಲ್ಲಿ ತಡೆದು ಕಾಲಿನಿಂದ ಬೋಗುಣಿಯನ್ನು ಒದ್ದು ಕೆಡವಿದಳು.

"ಏ, ಸೊಕ್ಕ ಬಂದೈತೇನ ನಿನಗ?" ಮಲಕಾಜಪ್ಪ ಚೀರಿದ. "ತೊಳದ ಇಟ್ಟೇವಲ್ಲ!"

"ತೊಳದದ್ದು ಖರೆ ಇದ್ರ, ಇದರಾಗ ನೀರ ತುಂಬಿ ನೀವು ಒಂದ ಗುಟುಕ ಕುಡೀರಿ. ಆಮ್ಯಾಲೆ ನಾ ಕತ್ತರಿ ಹಿಡೀತೀನಿ."

ಮಲಕಾಜಪ್ಪನ ಮುಖ ಕೆಂಡವಾಯಿತು. ಆದರೆ ಕ್ಯಾನಿನತ್ತ ಅವನ ಕೈ ಹೋಗಲಿಲ್ಲ. ತೋಟದ ಮನೆಯ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದ ಅವನ ಹೆಂಡತಿ ಹುಲಿಗೆವ್ವ ಎದ್ದು ಒಳಗೆ ಹೋದಳು. ಹಳೆಯ ಕಲ್ಲಿನ ದೋಣಿಯೊಂದನ್ನು ನೂಕುತ್ತ ಬಾಗಿಲವರೆಗೆ ತಂದಳು. ಹಿಂದೆ ಎತ್ತುಗಳಿಗೆ ನೀರು ತುಂಬುತ್ತಿದ್ದ ದೋಣಿ ಅದು, ಎತ್ತು ಮಾರಿದಾಗಿನಿಂದ ಮೂಲೆಗೆ ಬಿದ್ದಿತ್ತು.

"ನಿಮ್ಮ ಬಾಯಿ ಸಾಕ ಮಾಡ್ರಿ, ಬಂದ ಕೈ ಹಚ್ರಿ," ಅಂದಳು ಗಂಡನಿಗೆ. "ಆಕಿ ಹೇಳಾಕತ್ತಿದ್ದು ಬರೋಬ್ಬರಿ ಐತಿ."

ಗಂಡ ಹೆಂಡತಿ ಇಬ್ಬರೂ ದೋಣಿ ತಳ್ಳಿದರು. ಲಕ್ಕವ್ವ ಬೂದಿ ಹಾಕಿ ತಿಕ್ಕಿದಳು. ನೇತ್ರಾ ಕೊಡದಿಂದ ನೀರು ಸುರಿದಳು. ಸೇವಂತಿ ಮುಂಗಾಲು ದೋಣಿಯ ಅಂಚಿಗಿಟ್ಟು ಲೊಚಲೊಚ ಕುಡಿಯಿತು. ಕುಡಿದು ಚಪ್ಪರದ ನೆರಳಲ್ಲಿ ಮಣ್ಣು ಕೆದರಿ ಮಲಗಿತು. ಆಗ ಲಕ್ಕವ್ವ ಕತ್ತರಿ ತೆಗೆದಳು.

ಆ ತೋಟದ ಚಾಟ್ನಿ ಮುಗಿಯಿತು, ಪೇಸ್ಟೂ ಮುಗಿಯಿತು. ಒಂದು ಜೀವಕ್ಕೂ ಕೇಡಾಗಲಿಲ್ಲ. ಮಲಕಾಜಪ್ಪ ಕೊನೆಯವರೆಗೂ ಲಕ್ಕವ್ವನ ಜೊತೆ ನೆಟ್ಟಗೆ ಮಾತಾಡಲಿಲ್ಲ. ಆದರೆ ಮುಂಜಾನೆ ಟೋಳಿ ಬರುವ ಹೊತ್ತಿಗೆ ದೋಣಿ ತುಂಬಿರುತ್ತಿತ್ತು.

ಕೆಲಸ ಮುಗಿದ ಸಂಜೆ ಟಂಟಂ ಹೊರಟಾಗ ಸಂಗನಬಸವ ಹೆಂಡತಿಯ ಕಡೆ ಓರೆಯಾಗಿ ನೋಡಿದ. "ನಾಳಿಂದ ತೊರವಿ ಕಡಿ ತ್ವಾಟ. ಆ ಮಾಲಕ ಭಾಳ ಜಿದ್ದಿನ ಮನಶ್ಯಾ ಅಂತಾರ."

"ಇರಲಿ," ಅಂದಳು ಲಕ್ಕವ್ವ, ಸೇವಂತಿಯ ಕಿವಿಯಲ್ಲಿದ್ದ ಉಣ್ಣೆ ಹುಳುವನ್ನು ಹೆಕ್ಕಿ ತೆಗೆಯುತ್ತ. "ನಾಳೆ ಗಾಡಿ ಒಂದೀಟ ಜಲ್ದಿ ಹೊಂಡಸ್ರಿ. ಕೆಲಸಕ್ಕಿಂತ ಮೊದಲ ಅಂವನ ಜೋಡಿ ಮಾತಾಡೂದ ಐತಿ."