ಅಡಿವೆವ್ವನ ಭಾರದ ಹೆಜ್ಜೆ

ಹಿರೇಬೆಂಡಿಗೇರಿಯ ಉಡಚಪ್ಪನ ಮಗಳು ಅಡಿವೆವ್ವ ಹುಟ್ಟಿನಿಂದಲೇ ನಿಧಾನಿ. ನಡೆದರೆ ನೆಲಕ್ಕೆ ಗೊತ್ತಾಗಬೇಕು, ಅಂಥ ಹೆಜ್ಜೆ. ಏಳನೇ ಇಯತ್ತೆಯಲ್ಲಿದ್ದಾಗ ಇಂಗ್ಲಿಷ್ ಪಾಠದಲ್ಲಿ ‘ಪ್ಲಾಡ್’ ಎಂಬ ಕ್ರಿಯಾಪದ ಬಂತು. ಕರಬಸಪ್ಪ ಮಾಸ್ತರರು, "ಹೇರು ಎಳದ ಎತ್ತು ಸಂಜಿಮುಂದ ಹೊಳ್ಳಿ ಬರ್ತೈತಲ್ಲ, ಕಾಲು ಭಾರ ಆಗಿ, ಸಾವಕಾಶ, ಆದ್ರ ನಿಲ್ಲದ, ಆ ನಡಿಗಿಗೆ ಪ್ಲಾಡ್ ಅಂತಾರ" ಎಂದು ಅರ್ಥ ಹೇಳಿದರು. "ಯಾರರ ಒಂದು ವಾಕ್ಯ ಮಾಡ್ರಿ" ಎಂದದ್ದೇ ತಡ, ಇಡೀ ವರ್ಗ ಅಡಿವೆವ್ವನ ಕಡೆ ತಿರುಗಿ ಗೊಳ್ಳೆಂದು ನಕ್ಕಿತು. ಆ ವರ್ಷ ಊರು ಕಲಿತ ಇಂಗ್ಲಿಷ್ ಅಷ್ಟೇ, ಅದೂ ಅವಳ ಹೆಸರಿಗೆ ಅಂಟಿಕೊಂಡಿತು. ಅವಳೂ ನಕ್ಕಳು ಅನ್ನಿ.

ಮದುವೆಯ ವಯಸ್ಸಿಗೆ ಬಂದಾಗ ಮಾತ್ರ ನಗು ಸಾಲಲಿಲ್ಲ. ನಮ್ಮ ಕಡೆ ಕನ್ಯೆ ನೋಡಲು ಬಂದವರು ಅವಲಕ್ಕಿ ತಿಂದು ಸುಮ್ಮನೆ ಏಳುವುದಿಲ್ಲ. ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ಹುಡುಗಿಯನ್ನು ನಡೆಸಿ ನೋಡಬೇಕು. ಬಂಕಾಪುರದವರು ನೋಡಿ ಹೋದರು, ಸವಣೂರಿನವರೂ ನೋಡಿ ಹೋದರು, ಹೋದವರ ಸುದ್ದಿಯೇ ಇಲ್ಲ. ಅವ್ವ ಚೌಡವ್ವ ಹಿತ್ತಲಲ್ಲಿ ಹಗುರಾಗಿ ನಡೆಯುವುದನ್ನು ಕಲಿಸಹೋದಳು. ಬೆರಳ ತುದಿಯ ಮೇಲೆ ಎರಡು ಹೆಜ್ಜೆ ಹಾಕಿ ಅಡಿವೆವ್ವ ಬಣವೆಗೆ ಹೋಗಿ ಬಿದ್ದಳು.

"ಮಂದಿ ಕಾಲು ನನಗ ಎಲ್ಲಿಂದ ಬರ್ಬೇಕ ಬೇ?" ಎಂದಳು. ಮೇಲೆ ನಗು, ಒಳಗೆ ಸಂಕಟ. ತನಗೊಂದು ಮನೆ ಆಗುವುದೋ ಇಲ್ಲವೋ ಎಂಬ ಭಯ ಹಿಡಿದಿತ್ತು.

ಎಪ್ಪತ್ತೊಂಬತ್ತರ ಶ್ರಾವಣದಲ್ಲಿ ತಡಸದವರು ಬರುವ ದಿನವೇ ಮಳೆ ಹೊಡೆಯಿತು. ಬಸ್ಸಿಳಿದವರು ಹತ್ತಿರವೆಂದು ಎರೆಹೊಲದ ಕಾಲುದಾರಿ ಹಿಡಿದರು, ಅದೂ ಹೊಸ ಚಪ್ಪಲಿ ಮೆಟ್ಟಿಕೊಂಡು. ಕೆಂಪು ಮಣ್ಣಿನವರಿಗೆ ಎರೆಯ ಜಿಗುಟು ಏನು ಗೊತ್ತು! ಹತ್ತು ಮಾರು ಹೋಗುವುದರೊಳಗೆ ಒಂದೊಂದು ಕಾಲಿಗೂ ಸೇರುಗಟ್ಟಲೆ ಮಣ್ಣು. ವರನ ತಾಯಿ ಮುದಕವ್ವ ಜಾರಿ ಕುಳಿತಳು. ಎಬ್ಬಿಸಹೋದ ಅವಳ ತಮ್ಮ ಅಂಗಾತ ಬಿದ್ದ. ವರ ಫಕ್ಕೀರಪ್ಪ ಹೂತ ಕಾಲು ಕೀಳಲಾಗದೆ ನಿಂತೇ ಬಿಟ್ಟ.

ಈ ಮಳೆಗೆ ಯಾರು ಬರುತ್ತಾರೆಂದು ಎಮ್ಮೆಗೆ ಹುಲ್ಲು ತರಹೋಗಿದ್ದ ಅಡಿವೆವ್ವ ಅವರನ್ನು ಕಂಡಳು. ಹೊರೆ ಇಳಿಸಿ, ಬರಿಗಾಲು ಊರಿ ಊರಿ ಬಂದಳು.

"ಚಪ್ಪಲಿ ಬಿಡ್ರಿ ಯವ್ವಾ. ನನ್ನ ಹೆಗಲ ಹಿಡ್ಕೋರಿ. ನಾ ಇಟ್ಟಲ್ಲೇ ಹೆಜ್ಜಿ ಇಡ್ರಿ, ಗಡಬಡಿ ಬ್ಯಾಡ."

ಊರ ಅಗಸಿ ಬರುವವರೆಗೆ ಮುದಕವ್ವ ಒಮ್ಮೆಯೂ ಜಾರಲಿಲ್ಲ. ಗಂಡಸರೂ ಚಪ್ಪಲಿ ಕೈಯಲ್ಲಿ ಹಿಡಿದು ಅದೇ ಹೆಜ್ಜೆಗಳ ಮೇಲೆ ಹಿಂದೆ ಬಂದರು. ಯಾರ ಮನೆಗೆಂದು ಹುಡುಗಿ ಕೇಳಿದರೆ, "ಉಡಚಪ್ಪನ ಮನಿಗೆ" ಎಂದಳು. ಅಡಿವೆವ್ವನಿಗೆ ಓಡಿ ಹೋಗಬೇಕೆನಿಸಿತು. ಓಡಲು ಬಂದರೆ ತಾನೆ!

ಅವಲಕ್ಕಿ ಮುಗಿಯಿತು. ಅಡಿವೆವ್ವ ಸೀರೆಯುಟ್ಟು ಬಂದು ನಿಂತಳು. ವರನ ಸೋದರಮಾವ ಗಂಟಲು ಸರಿಮಾಡಿಕೊಂಡು, "ಹುಡುಗೀನ ಒಂಚೂರು ನಡಸ್ರಿ, ನೋಡೂಣು" ಎಂದ. ಚೌಡವ್ವನ ಮುಖ ಸಣ್ಣದಾಯಿತು.

"ಸುಮ್ನ ಕುಂದ್ರೋ" ಎಂದಳು ಮುದಕವ್ವ ತಮ್ಮನಿಗೆ. "ಇಡೀ ಹೊಲ ಆಕಿ ಹೆಗಲ ಹಿಡ್ಕೊಂಡು ದಾಟೇನಿ. ನೀ ಎಷ್ಟು ಚಂದ ನಡದಿ ಅನ್ನೂದೂ ನೋಡೇನಿ."

ಆಮೇಲೆ ಹುಡುಗಿಯ ಕಡೆ ತಿರುಗಿ, "ಬಾ ಯವ್ವಾ, ನನ್ನ ಹಂತೇಕ ಕುಂದ್ರು ಬಾ" ಎಂದಳು.

ಅಡಿವೆವ್ವ ಸಾವಕಾಶವಾಗಿ, ತನ್ನದೇ ನಡಿಗೆಯಲ್ಲಿ ಹೋಗಿ ಅತ್ತೆಯ ಪಕ್ಕ ಕುಳಿತಳು.